ಲಟಕ್ ಎಂದದ್ದು ಮೂಳೆಯಲ್ಲ

ದಕ್ಷಿಣ ಲಂಡನ್ನಿನಲ್ಲಿ ಅಂಗಡಿಸಾಲಿನ ಮೇಲೊಂದು ಕೋಣೆ. ಔಷಧದ ವಾಸನೆಯಿಲ್ಲ, ಯಂತ್ರದ ಸದ್ದಿಲ್ಲ. ನಡುವೆ ಏರಿಸಿ ಇಳಿಸುವ ಮಂಚ. ಬೋರಲು ಮಲಗಿದವರು ಉಸಿರಾಡಲೆಂದು ಮುಖದ ಜಾಗದಲ್ಲೊಂದು ತೂತು. ಮೇಲೆ ಆಗತಾನೆ ಎಳೆದು ಹಾಸಿದ ಪೇಪರು. ಮೂಲೆಯಲ್ಲಿ ಪ್ಲಾಸ್ಟಿಕ್ ಬೆನ್ನೆಲುಬೊಂದು ಕೊಕ್ಕೆಗೆ ನೇತುಬಿದ್ದಿದೆ. ನನ್ನ ದೊಡ್ಡಮ್ಮನ ಮಗಳು, ಹಾಸನ ಬಿಟ್ಟು ಬಂದು ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸಾಗಿರುವವಳು, ಕುರ್ಚಿಯ ಕೈ ಹಿಡಿದು ಅರ್ಧ ಎದ್ದು, ಅಲ್ಲೇ ತಡೆದು, ಹಲ್ಲು ಕಚ್ಚಿ ಪೂರ್ತಿ ಎದ್ದಳು. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸುವುದು, ಎತ್ತಿ ಕೂರಿಸುವುದು ಅವಳ ನಿತ್ಯದ ಕೆಲಸ.

"ಸೊಂಟ ಹಿಡ್ಕೊಂಡ್ಬಿಟ್ಟಿದೆ ಕಣೋ. ಬಗ್ಗಿದ್ರೆ ಏಳೋಕಾಗಲ್ಲ."

ಕೈಯಿಂದಲೇ ಸ್ನಾಯು, ಕೀಲುಗಳಿಗೆ ಚಿಕಿತ್ಸೆ ಮಾಡುವ ಆಸ್ಟಿಯೋಪಾತ್ ಮುಟ್ಟುವ ಮೊದಲು ಕೇಳುತ್ತಲೇ ಕುಳಿತರು. ಮೂತ್ರ ಕಟ್ಟಿದೆಯೇ, ಹಿಡಿತ ತಪ್ಪಿದೆಯೇ? ಕೂರುವ ಜಾಗ, ತೊಡೆಸಂದಿ ಮರಗಟ್ಟಿದೆಯೇ? ಕಾಲಿನ ಬಲ ಕುಂದಿದೆಯೇ? ಜ್ವರ, ಕಾರಣವಿಲ್ಲದೆ ತೂಕ ಇಳಿದದ್ದು, ಹಿಂದೆಂದಾದರೂ ಕ್ಯಾನ್ಸರ್, ಬಿದ್ದ ಪೆಟ್ಟು? ಇಂಥವು ಇದ್ದರೆ ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಮೂತ್ರ ಕಟ್ಟಿ, ಕೂರುವ ಜಾಗ ಮರಗಟ್ಟಿದ್ದರೆ ಒಂದು ಗಳಿಗೆಯೂ ತಡಮಾಡುವಂತಿಲ್ಲ. ಇಷ್ಟನ್ನೂ ಕೇಳದೆ ಬೆನ್ನಿಗೆ ಕೈ ಹಾಕುವವರ ಹತ್ತಿರ ಯಾರೂ ಮಲಗಬಾರದು.

ಅಕ್ಕ ಗೋಡೆಗೆ ಮುಖಮಾಡಿ ನಿಂತಳು. ಸೊಂಟದ ಕೆಳಗಿನ ಎರಡು ಗುಳಿಗಳ ಮೇಲೆ ಹೆಬ್ಬೆರಳುಗಳನ್ನಿಟ್ಟು ಆಕೆ ಮಂಡಿಯೂರಿದರು. ಅಕ್ಕ ಬಗ್ಗುತ್ತಿದ್ದಂತೆ ಎಡ ಹೆಬ್ಬೆರಳು ಮೊದಲು ಮೇಲೇರಿತು, ಬಲದ್ದು ಆಮೇಲೆ. ಬೋರಲು ಮಲಗಿಸಿ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳ ಮೇಲೆ ಬೆರಳಾಡಿಸಿದ್ದು ಮುದ್ದೆಯಲ್ಲಿ ಗಂಟು ಹುಡುಕುವಂತಿತ್ತು. ಒಂದೆಡೆ ಬೆರಳು ನಿಂತಿತು. ಅಕ್ಕನ ಪಾದ ತಾನಾಗಿ ಮಿಡಿಯಿತು.

ಮುಂದಿನದು ಅವಸರವಿಲ್ಲದ ಕೆಲಸ. ಮಡಿಸಿದ ಮೊಣಕಾಲನ್ನು ಆಕೆಯ ಅಂಗೈಗೆ ಎದುರಾಗಿ ಒತ್ತಬೇಕು, ಐದು ಎಣಿಸುವಷ್ಟು ಹೊತ್ತು ಹಿಡಿದು ಸಡಿಲ ಬಿಡಬೇಕು. ಬಿಟ್ಟಾಗ ಕಾಲು ಬೆರಳಷ್ಟು ಹೆಚ್ಚು ಬಾಗುತ್ತದೆ. ಕೊನೆಗೆ ಮಗ್ಗುಲಿಗೆ ಮಲಗಿಸಿ, ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ. ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಚಿಕ್ಕದೊಂದು ನೂಕು. ಲಟಕ್!

ನಮ್ಮಲ್ಲಿ ಇದನ್ನು ಮೂಳೆ ಕೂತಿತು ಎನ್ನುತ್ತಾರೆ. ಮೂಳೆ ಎಲ್ಲಿಗೂ ಹೋಗಿರಲಿಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಗುಳ್ಳೆ ಏಳುವಾಗಿನ ಸದ್ದು ಅದು. ಬೆರಳ ನೆಟಿಗೆ ಮುರಿದಾಗ ಕೇಳಿಸುವುದೂ ಇದೇ. ಸದ್ದು ಬರದಿದ್ದರೂ ನಷ್ಟವಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿಸಿಕೊಳ್ಳುವವರಿಗೆ ಮಾತ್ರ ಕೈಮುಗಿದು ಬೇಡ ಎನ್ನುತ್ತೇನೆ. ಮೆದುಳಿಗೆ ಹೋಗುವ ರಕ್ತನಾಳ ಆ ತಿರುಚುವಿಕೆಗೆ ಸೀಳಿದರೆ ಪಾರ್ಶ್ವವಾಯು ಬಡಿಯಬಹುದು.

ಆಸ್ಟಿಯೋಪತಿ ಎಂಬ ಈ ಪದ್ಧತಿಯ ಮೂಲಪುರುಷ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಮೆದುಳುಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ವೈದ್ಯ. ಅಂದಿನ ಔಷಧಗಳ ಮೇಲೆ ನಂಬಿಕೆ ಕಳಚಿ, 1874ರಲ್ಲಿ ತನ್ನ ದಾರಿಯನ್ನು ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಎಲ್ಲ ಕಾಯಿಲೆಗೂ ಬೆನ್ನೆಲುಬಿನಲ್ಲೇ ಉತ್ತರವಿದೆ ಎಂಬಷ್ಟು ದೊಡ್ಡದಿದ್ದ ಅವನ ನಂಬಿಕೆ ಕಾಲದ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಲಂಡನ್ನಿಗೆ ಶಾಲೆ ಬಂದದ್ದು 1917ರಲ್ಲಿ, ಅವನ ಶಿಷ್ಯ ಲಿಟಲ್‌ಜಾನ್ ಮೂಲಕ. 1993ರ ಕಾಯ್ದೆಯ ಫಲವಾಗಿ ಇಂದು ನೋಂದಣಿಯಿಲ್ಲದವರು ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್ ಎಂದು ಹೆಸರಿಟ್ಟುಕೊಳ್ಳುವಂತಿಲ್ಲ.

ಬೆನ್ನುನೋವಿನ ಮಟ್ಟಿಗಾದರೂ ಫಲವೆಷ್ಟು? ಫ್ರಾನ್ಸಿನಲ್ಲಿ 400 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಜ ಚಿಕಿತ್ಸೆಗೂ ಬರಿದೆ ಕೈಯಿಟ್ಟ ತೋರಿಕೆಯ ಚಿಕಿತ್ಸೆಗೂ ಕಂಡ ವ್ಯತ್ಯಾಸ ತೀರ ಸಣ್ಣದು. ಬ್ರಿಟನ್ನಿನ 2016ರ ಮಾರ್ಗಸೂಚಿಯೂ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗಷ್ಟೇ ಒಪ್ಪುತ್ತದೆ. ನೋವು ಮರಳದಂತೆ ತಡೆಯುವ ವಿಷಯದಲ್ಲಿ ನನ್ನ ಮನಸ್ಸನ್ನು ಗೆದ್ದದ್ದು 2024ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ. ಬೆನ್ನುನೋವಿನಿಂದ ಚೇತರಿಸಿಕೊಂಡ 701 ಮಂದಿಯಲ್ಲಿ, ಮಾರ್ಗದರ್ಶನ ಪಡೆದು ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಹಿಡಿದ ಮಧ್ಯಮ ಅವಧಿ 208 ದಿನ; ಉಳಿದವರಿಗೆ 112. ನಡಿಗೆಗೆ ಕಾಸೂ ಬೇಡ, ಮಂಚವೂ ಬೇಡ.

ಹಾಗೆಂದು ಆ ಕೈಗಳ ಕೆಲಸ ಸುಳ್ಳೇನಲ್ಲ. ಬಗ್ಗಿದರೆ ಡಿಸ್ಕ್ ಜಾರೀತೆಂಬ ಹೆದರಿಕೆಯಲ್ಲಿ ಅಕ್ಕ ಮರದ ಹಲಗೆಯಂತಾಗಿದ್ದಳು. ಮಂಚದಿಂದಿಳಿದು ಚಪ್ಪಲಿಯ ಪಟ್ಟಿ ತಾನೇ ಹಾಕಿಕೊಂಡಾಗ ಆ ಹೆದರಿಕೆಯ ಬಿಗಿ ಒಂದಿಷ್ಟು ಸಡಿಲಿತ್ತು.

"ವಾರಗಟ್ಟಲೆ ರಜ ಹಾಕಿ ಮಲಗ್ಲಾ?" ಎಂದು ನನ್ನನ್ನು ಕೇಳಿದಳು. ನಾನು ಇಂಗ್ಲಿಷಿನಲ್ಲಿ ದಾಟಿಸುವ ಮೊದಲೇ ದನಿಯಿಂದಲೇ ಅರ್ಥವಾಯಿತೇನೋ, ಆಕೆ ತಲೆಯಾಡಿಸಿದರು. ಮಲಗಬೇಡಿ. ಇಂದು ಹತ್ತು ನಿಮಿಷ ನಡೆಯಿರಿ, ತಡೆದುಕೊಳ್ಳುವಷ್ಟು. ಮುಂದೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕೆಲಸದಲ್ಲಿ ಒಬ್ಬರೇ ಯಾರನ್ನೂ ಎತ್ತಬೇಡಿ, ಎತ್ತುವ ಯಂತ್ರ ಕೇಳಿ ಪಡೆಯಿರಿ.

"ಮತ್ತೆ ಯಾವಾಗ ಬರ್ಲಿ?"

"ನಡೆದು ನೋಡಿ. ಬೇಕೆನಿಸಿದರೆ ಫೋನ್ ಮಾಡಿ."