ಪಾಳಿ ಬದಲಾಗುವಾಗ ಮಾತು ತಪ್ಪದಿರಲಿ

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ ಒಬ್ಬರೇ, ನೋಡಿಕೊಳ್ಳುವವರು ಹಲವರು. ಪಾಳಿ ಬದಲಾದಂತೆ ವೈದ್ಯರೂ ದಾದಿಯರೂ ಬದಲಾಗುತ್ತಾರೆ. ಇಂಥ ಔಷಧ ಈ ರೋಗಿಗೆ ಒಗ್ಗದೆಂಬ ಸಂಗತಿ ರಾತ್ರಿ ಪಾಳಿಯವರಿಂದ ಬೆಳಗಿನವರಿಗೆ ತಲುಪದಿದ್ದರೆ ಪ್ರಾಣಕ್ಕೇ ಸಂಚಕಾರ ಬಂದೀತು.

ಅಮೆರಿಕ ಹಾಗೂ ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಿರಿಯ ವೈದ್ಯರಿಗೆ ಇದಕ್ಕೊಂದು ಕ್ರಮವನ್ನು ಕಲಿಸಲಾಯಿತು. ರೋಗದ ತೀವ್ರತೆ, ಸಂಕ್ಷಿಪ್ತ ವೃತ್ತಾಂತ, ಮಾಡಬೇಕಾದ ಕಾರ್ಯ, ಮುಂದೆ ಎದುರಾಗಬಹುದಾದ ತೊಂದರೆ – ಇವಿಷ್ಟನ್ನು ಒಪ್ಪಿಸುವವರು ಹೇಳಬೇಕು; ಕೇಳಿಸಿಕೊಂಡವರು ಅದರ ಸಾರವನ್ನು ಮರಳಿ ಹೇಳಬೇಕು. ಇದರಿಂದ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ತಗ್ಗಿದವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಕ್ರಮವಿದ್ದರೂ ಅಂಜಿಕೆಯಿದ್ದಲ್ಲಿ ಮಾತು ಹೊರಡದು. 12ನೆಯ ಶತಮಾನದ ಅನುಭವ ಮಂಟಪದಲ್ಲಿ ನಾನಾ ಕಾಯಕದ ಶರಣರು ಸಮಾನರಾಗಿ ಕುಳಿತು ಮಾತನಾಡಿದರೆಂದು ನಾವು ಹೆಮ್ಮೆಪಡುತ್ತೇವೆ. ವಾರ್ಡಿನಲ್ಲಿಯೂ ಕಿರಿಯ ದಾದಿಯು ಹಿರಿಯ ವೈದ್ಯರಿಗೆ ತನ್ನ ಸಂಶಯವನ್ನು ನಿರ್ಭಯವಾಗಿ ಅರುಹುವಂತಿರಬೇಕು.

ಮನೆಯವರಾದ ನಾವೂ ನಾಲ್ವರು ನಾಲ್ಕು ಬಗೆಯಾಗಿ ಹೇಳದೆ, ಮಾತನಾಡಲು ಒಬ್ಬರನ್ನೇ ನೇಮಿಸೋಣ. ಹಿಂದಿನ ಕಾಯಿಲೆ, ಸೇವಿಸುತ್ತಿರುವ ಔಷಧ, ಒಗ್ಗದ ಔಷಧಗಳನ್ನು ಚೀಟಿಯಲ್ಲಿ ಬರೆದಿಟ್ಟು, ಪ್ರತಿ ಪಾಳಿಯವರಿಗೂ ತೋರಿಸೋಣ. ತಿಳಿದದ್ದನ್ನು ತಪ್ಪದೆ ಮುಟ್ಟಿಸುವುದೂ ಕಾಯಕವೇ. ಅದರಲ್ಲಿ ಅಲಕ್ಷ್ಯ ಸಲ್ಲದು.