ಒಂದು ರೂಪಾಯಿಗೆ ಮೂರು ಲೈಫ್

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೂ ನನ್ನದೊಂದು ಪ್ರಶ್ನೆ. ನಿಮ್ಮ ಮಗನೋ ಮಗಳೋ ಮೊಬೈಲ್‌ನಲ್ಲಿ ಆಡುವ ಗೇಮ್ ಮುಗಿಯೋದು ಯಾವಾಗ? ನೀವು ಊಟಕ್ಕೆ ಕರೆದಾಗ, ಬೈದು ಫೋನ್ ಕಿತ್ತುಕೊಂಡಾಗ, ಆ ಲೆಕ್ಕ ಬಿಡಿ. ಆಟ ತಾನಾಗಿಯೇ ಮುಗಿಯೋದು ಯಾವಾಗ? ಯೋಚನೆ ಮಾಡಿ ನೋಡಿ. ಹೆಚ್ಚಿನವರಿಗೆ ಉತ್ತರ ಸಿಗಲ್ಲ. ಯಾಕಂದ್ರೆ ಅದನ್ನು ತಯಾರು ಮಾಡಿರೋದೇ ಮುಗಿಯದ ಹಾಗೆ.

ನಾವು ಆಡಿದ ಆಟ ಮುಗೀತಿತ್ತು. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಬಗ್ಗೆ ಹೇಳ್ತಿದ್ದೀನಿ. 90ರ ದಶಕದ ಕೊನೆ, ಊರು ದಾವಣಗೆರೆ. ಬಾಗಿಲಿಗೆ ದಪ್ಪ ಪರದೆ, ಒಳಗೆ ಕತ್ತಲು, ಗೋಡೆಗೆ ಒತ್ತಿ ನಿಲ್ಲಿಸಿದ ನಾಲ್ಕೈದು ಮಷೀನು. ಒಂದೊಂದೂ ಬೀರುವಿನಷ್ಟು ಎತ್ತರ. ಒಂದು ರೂಪಾಯಿ ಹಾಕಿದರೆ ಒಂದು ಆಟ. ಬಹುತೇಕ ಮೂರು ಲೈಫ್. ಅಷ್ಟೇ.

ಅಲ್ಲಿ ರಾಜ ಅಂದ್ರೆ ಮುಸ್ತಫಾ. ಆ ಗೇಮಿನ ಅಸಲಿ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದಿದ್ದು. ಅದರಲ್ಲಿ ನಾಲ್ಕು ಜನ ಹೀರೋಗಳು. ಹಳದಿ ಟೋಪಿಯ ಮುಸ್ತಫಾ ಎಲ್ಲರಿಗಿಂತ ಚುರುಕು, ಎಲ್ಲರಿಗೂ ಅವನೇ ಬೇಕು. ಹಾಗಾಗಿ ಗೇಮಿಗೇ ಅವನ ಹೆಸರು ಬಿತ್ತು. ಬರೀ ನಮ್ಮೂರಲ್ಲಲ್ಲ, ದೇಶದ ಎಷ್ಟೋ ಊರುಗಳಲ್ಲಿ ಇವತ್ತಿಗೂ ಅದು ಮುಸ್ತಫಾ ಗೇಮೇ.

ಜೇಬಲ್ಲಿ ಎರಡು ರೂಪಾಯಿ ಇದ್ರೆ ಎರಡು ಆಟ. ಉಳಿದ ಹೊತ್ತೆಲ್ಲ ನಿಂತು ನೋಡೋದು. ನೋಡುವವರು ಸುಮ್ನೆ ಇರ್ತಿದ್ರಾ? “ಲೇ, ಹಿಂದಿಂದ ಬರ್ತಾನೆ ನೋಡಲೇ!” “ಆ ಚಿಕನ್ ತಗೊಳ್ಳೋ, ಪವರ್ ಬರುತ್ತೆ!” ಆಡುವವನು ಒಬ್ಬ, ಆಡಿಸುವವರು ಹತ್ತು ಜನ. ದುಡ್ಡೇ ಇಲ್ಲದ ಚಿಕ್ಕ ಹುಡುಗರು ಖಾಲಿ ಮಷೀನಿನ ಮುಂದೆ ಜಾಯ್‌ಸ್ಟಿಕ್ ಅಲ್ಲಾಡಿಸ್ತಾ, ತಾವೇ ಆಡ್ತಿದ್ದೀವಿ ಅಂದ್ಕೊಂಡು ಖುಷಿಪಡೋರು. ಅಸಲಿಗೆ ಅದು ಗಿರಾಕಿಯನ್ನು ಕರೆಯೋಕೆ ಮಷೀನು ತಾನೇ ಆಡಿ ತೋರಿಸುವ ಜಾಹೀರಾತು.

ಈಗ ಮಷೀನಿನ ಹಿಂಬಾಗಿಲು ತೆಗೆದು ನೋಡೋಣ ಬನ್ನಿ. ಎಂಜಿನಿಯರಿಂಗ್ ಓದಿದವನು, ಅಷ್ಟಕ್ಕೆ ಬಿಡೋನಲ್ಲ ನಾನು.

ಈ ವ್ಯಾಪಾರ ಭರ್ಜರಿಯಾಗಿ ಶುರುವಾಗಿದ್ದು 1972ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ, ಸನ್ನಿವೇಲ್ ಅನ್ನೋ ಊರಿನ ಒಂದು ಬಾರ್. ಅಟಾರಿ ಕಂಪನಿಯವರು ಅಲ್ಲಿ ‘ಪಾಂಗ್’ ಅನ್ನುವ ಟೇಬಲ್ ಟೆನಿಸ್ ಥರದ ಗೇಮನ್ನು ಪರೀಕ್ಷೆಗೆ ಇಟ್ಟರು. ಸ್ವಲ್ಪ ದಿನಕ್ಕೇ ಮಷೀನು ಕೆಟ್ಟಿದೆ ಅಂತ ಕರೆ ಬಂತು. ಅದನ್ನು ತಯಾರಿಸಿದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ನಾಣ್ಯ ಬೀಳುವ ಡಬ್ಬ ತುಂಬಿ ತುಳುಕುತ್ತಿತ್ತು!

ಅವತ್ತಿಂದ ಲೆಕ್ಕ ಸ್ಪಷ್ಟ. ಒಬ್ಬನೇ ಗಂಟೆಗಟ್ಟಲೆ ಆಡ್ತಾ ನಿಂತರೆ ಮಾಲೀಕನಿಗೆ ನಷ್ಟ. ಒಂದೇ ನಿಮಿಷಕ್ಕೆ ಸೋತರೆ ಗಿರಾಕಿಗೆ ಸಿಟ್ಟು, ವಾಪಸ್ ಬರಲ್ಲ. ಹಾಗಾಗಿ ಕೆಲವೇ ನಿಮಿಷದಲ್ಲಿ ಸೋಲಬೇಕು, ಆದ್ರೆ ‘ಛೇ, ಇನ್ನೊಂಚೂರಲ್ಲಿ ಗೆಲ್ತಿದ್ದೆ’ ಅನ್ನಿಸಬೇಕು. ಸೋತ ತಕ್ಷಣ ಪರದೆ ಮೇಲೆ ಒಂಬತ್ತು, ಎಂಟು, ಏಳು ಅಂತ ಎಣಿಕೆ ಶುರು. ಸೊನ್ನೆ ಆಗೋದ್ರೊಳಗೆ ಇನ್ನೊಂದು ರೂಪಾಯಿ ಹಾಕಿದರೆ ಸತ್ತಲ್ಲಿಂದಲೇ ಮುಂದುವರಿಯಬಹುದು.

1978ರ ‘ಸ್ಪೇಸ್ ಇನ್ವೇಡರ್ಸ್’ ಕಥೆ ಇನ್ನೂ ಮಜಾ. 55 ಶತ್ರುಗಳು ಮೇಲಿಂದ ಇಳೀತಾರೆ. ಹೊಡೆದಷ್ಟೂ ಉಳಿದವರ ವೇಗ ಹೆಚ್ಚುತ್ತೆ. ಮೊದಲು ಅದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಒಳಗಿದ್ದ ಇಂಟೆಲ್ 8080 ಚಿಪ್‌ಗೆ ಅಷ್ಟೂ ಜನರನ್ನು ಓಡಾಡಿಸೋಕೆ ಉಸಿರು ಸಾಲದು. ಸಂಖ್ಯೆ ಕಡಿಮೆಯಾದಂತೆ ಅದರ ಹೊರೆ ಇಳಿದು ವೇಗ ಏರುತ್ತಿತ್ತು. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು. ಆ ಚಿಪ್‌ನ ತಮ್ಮ 8085ರ ಮೇಲೆ ಕಾಲೇಜು ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಯುವಾಗಲೇ ನನಗೆ ಇದರ ಗುಟ್ಟು ಅರ್ಥವಾಗಿದ್ದು.

ಇನ್ನೊಂದು ಗುಟ್ಟು. ನಮ್ಮ ಅಂಗಡಿಯಲ್ಲಿ ಒಬ್ಬ ಹುಡುಗ ‘ಸ್ಟ್ರೀಟ್ ಫೈಟರ್’ನಲ್ಲಿ ಒಂದೇ ರೂಪಾಯಿಗೆ ಕೊನೇವರೆಗೂ ಹೋಗೋನು. ನಾವು ಚಪ್ಪಾಳೆ ಹೊಡೆದರೆ ಗಲ್ಲಾದಲ್ಲಿ ಕೂತ ಅಣ್ಣನ ಮುಖ ಗಂಟು. ಒಂದು ದಿನ ಇದ್ದಕ್ಕಿದ್ದಂತೆ ಗೇಮ್ ಸಿಕ್ಕಾಪಟ್ಟೆ ಕಷ್ಟ ಆಯ್ತು. ಆ ಹುಡುಗನೇ ಮೂರನೇ ಫೈಟಿಗೆ ಔಟ್! ನಡೆದಿದ್ದೇನು? ಇಂಥ ಮಷೀನಿನ ಸರ್ಕ್ಯೂಟ್ ಬೋರ್ಡ್ ಮೇಲೆ ಉಗುರಿನಷ್ಟು ಚಿಕ್ಕ ಸ್ವಿಚ್‌ಗಳ ಸಾಲು ಇರುತ್ತೆ. ಆಟ ಎಷ್ಟು ಕಷ್ಟ ಇರಬೇಕು ಅಂತ ಮಾಲೀಕನೇ ಅದರಲ್ಲಿ ನಿರ್ಧರಿಸಬಹುದು.

ಅಂದ್ರೆ ಆಗಿನವರೇನೂ ಸಮಾಜಸೇವೆ ಮಾಡ್ತಿರಲಿಲ್ಲ. ನಮ್ಮ ಜೇಬು ಖಾಲಿ ಮಾಡೋದೇ ಅವರ ಕಸುಬು. ಆದ್ರೂ ಆ ನಾಣ್ಯ ನಮ್ಮನ್ನು ಮೂರು ರೀತಿ ಕಾಪಾಡ್ತು. ಒಂದು, ಖರ್ಚು ಕೈಗೆ ತಿಳೀತಿತ್ತು. ಬೆರಳು ಬಿಟ್ಟು ಒಳಗೆ ಬಿದ್ದ ರೂಪಾಯಿ ಠಣ್ ಅಂತ ಸದ್ದು ಮಾಡ್ತಿತ್ತು. ಎರಡು, ಜೇಬು ಖಾಲಿಯಾದ್ರೆ ಆಟ ಬಂದ್. ಮೂರು, ಹಿಂದೆ ಸರತಿ ಇತ್ತು. ನಿನ್ನ ಆಟ ಮುಗೀತು, ಜಾಗ ಬಿಡು, ಅಷ್ಟೇ. ಸೋತು ಪಕ್ಕಕ್ಕೆ ಸರಿದು ಇನ್ನೊಬ್ಬನ ಆಟ ನೋಡೋದನ್ನು ನಾವು ಕಲಿತಿದ್ದು ಅಲ್ಲೇ.

ಈಗ ಮೊಬೈಲ್‌ಗೆ ಬನ್ನಿ. ನಾಣ್ಯ ಹಾಕೋ ಜಾಗವೇ ಇಲ್ಲ, ಗೇಮ್ ಫ್ರೀ. ಹಾಗಾದ್ರೆ ದುಡ್ಡು ಎಲ್ಲಿಂದ? ನೀವು ಎಷ್ಟು ಹೊತ್ತು ಇರ್ತೀರೋ ಅಷ್ಟು ಜಾಹೀರಾತು, ಅಷ್ಟು ಖರೀದಿ. ಹಳೇ ಮಷೀನಿಗೆ ನೀವು ಬೇಗ ಸೋಲಬೇಕಿತ್ತು. ಹೊಸ ಗೇಮಿಗೆ ನೀವು ಎದ್ದು ಹೋಗಬಾರದು. ‘ಕ್ಯಾಂಡಿ ಕ್ರಷ್’ನಲ್ಲಿ ಐದು ಲೈಫ್ ಮುಗಿದರೂ ಅರ್ಧ ಗಂಟೆಗೊಂದು ತಾನೇ ಬರುತ್ತೆ. ಅಂದ್ರೆ ಮತ್ತೆ ಬಾ ಅಂತ ಕರೆಯೋಕೆ ಒಂದು ನೆಪ. ಕಾಯೋಕಾಗಲ್ವಾ? ದುಡ್ಡು ಕೊಡಿ. ಹಿಂದೆ ಸರತಿಯಲ್ಲಿ ನಿಂತು ‘ಸಾಕು ಬಾರಲೇ’ ಅನ್ನೋ ಗೆಳೆಯ ಇಲ್ಲ.

ಕಾನೂನು ಇಲ್ವಾ ಅಂತ ಕೇಳಬಹುದು. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ತಡೆಯಲು ಹೊರಟಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುತ್ತದೆ. ಒಳ್ಳೆಯದೇ. ಆದ್ರೆ ಪಣವೇ ಇಲ್ಲದ, ಬರೀ ಮಗುವಿನ ಸಂಜೆಯನ್ನು ನುಂಗುವ ಗೇಮು ಅದರ ವ್ಯಾಪ್ತಿಗೆ ಬರೋದಿಲ್ಲ. ಅದು ನಿಮ್ಮ ಮನೆಯ ವ್ಯಾಪ್ತಿ.

ಹಾಗಾಗಿ ಆ ನಾಣ್ಯವನ್ನು ಮನೆಯಲ್ಲೇ ವಾಪಸ್ ತನ್ನಿ. ಆಡಬೇಡ ಅನ್ನಬೇಡಿ, ಅದು ನಡೆಯೋ ಮಾತಲ್ಲ. ದಿನಕ್ಕೆ ಇಷ್ಟು ಆಟ ಅಂತ ಲೆಕ್ಕ ಮೊದಲೇ ಮಾತಾಡಿಕೊಳ್ಳಿ. ಮೂರು ಆಟ ಅಂದ್ರೆ ಮೂರೇ. ಫೋನಿಗೆ ಕಾರ್ಡು, ಯುಪಿಐ ಪಿನ್ ಜೋಡಿಸಿ ಮಗುವಿನ ಕೈಗೆ ಕೊಡಬೇಡಿ. ಸಾಧ್ಯವಾದ್ರೆ ಪಕ್ಕದಲ್ಲಿ ಕೂತು ನೋಡಿ, ನಡುವೆ ನೀವೂ ಒಂದು ಆಟ ಕೇಳಿ. ನಿಮ್ಮ ಸರತಿ ಬಂದಾಗ ಮಗು ಫೋನ್ ಕೊಟ್ಟರೆ ಚಿಂತೆ ಇಲ್ಲ. ಕೊಡೋದೇ ಇಲ್ಲ ಅಂದ್ರೆ, ಅವತ್ತೇ ಆ ಮಗುವಿನ ಜೊತೆ ಕೂತು ಮಾತಾಡಿ.