ತೂಕ ನೋಡ್ತಾರೆ, ಮಾತು ಕೇಳೋರಿಲ್ಲ!

ತಿರುಮಕೂಡಲು ನರಸೀಪುರ ಅಂದರೆ ಜನಕ್ಕೆ ನೆನಪಾಗೋದು ಕಾವೇರಿ-ಕಪಿಲೆ ಸಂಗಮ, ಕುಂಭಮೇಳ. ರಾಜ್ಯದಲ್ಲಿ ಮೊಟ್ಟಮೊದಲು ಅಂಗನವಾಡಿ ಬಾಗಿಲು ತೆರೆದದ್ದೂ ಇದೇ ತಾಲ್ಲೂಕಿನಲ್ಲಿ ಅನ್ನೋದು ಊರಿನವರಿಗೇ ಮರೆತುಹೋದಂತಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಟಿ. ನರಸೀಪುರವನ್ನು. ಆರಂಭ 100 ಅಂಗನವಾಡಿಗಳಿಂದ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು.

ಯೋಜನೆ ಹೊತ್ತುಕೊಂಡದ್ದು ಆರು ಸೇವೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಕಂಡರೆ ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ತಿಳಿವಳಿಕೆ. ಆರನೆಯದು, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಶಿಕ್ಷಣ. ಮೊಟ್ಟೆ ಎಣಿಸಬಹುದು, ಹಾಲಿನ ಪುಡಿ ಅಳೆಯಬಹುದು, ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆಯಬಹುದು. ಈ ತಿಂಗಳು ಮಗು ಎಷ್ಟು ಹೊಸ ಮಾತು ಕಲಿಯಿತು ಅಂತ ತೂಗೋ ತಕ್ಕಡಿ ಮಾತ್ರ ಯಾವ ಇಲಾಖೆಯಲ್ಲೂ ಇಲ್ಲ. ತೂಗೋಕೆ ಬಾರದ್ದು ಹಿಂದೆ ಬಿತ್ತು.

ಇತ್ತ ಅಪ್ಪ-ಅಮ್ಮಂದಿರ ವರಸೆಯೇ ಬೇರೆ. 'ಅಲ್ಲೇನ್ ಕಲಿಸ್ತಾರೆ, ಬರೀ ಹಾಡು ಕುಣಿತ' ಅಂತ ಮೂಗು ಮುರಿದು, ಮೂರು ತುಂಬುತ್ತಿದ್ದ ಹಾಗೆ ಕೂಸನ್ನು ವ್ಯಾನಿಗೆ ಹತ್ತಿಸಿ ಕಾನ್ವೆಂಟಿಗೆ ಕಳಿಸೋರು ಬೀದಿಗೆ ನಾಲ್ಕು ಜನ. ಪೆನ್ಸಿಲ್ ಹಿಡಿಯಲು ಬೆರಳಲ್ಲಿ ಕಸುವಿಲ್ಲದ ಮಗು ಎಬಿಸಿಡಿ ತಿದ್ದಿ ತಿದ್ದಿ ಪುಟ ತುಂಬಿಸಬೇಕು. ಸಂಜೆ ಆ ಪುಟ ನೋಡಿ ಅಪ್ಪನಿಗೆ ಖುಷಿ. ಸರ್ಕಾರಕ್ಕೂ ಇದರ ಬಿಸಿ ತಟ್ಟಿದೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ತಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಅಂತ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಆಮೇಲೆ ಅಂಗನವಾಡಿಗೂ ಎಲ್‌ಕೆಜಿ ಹೆಸರು ಬಂತು. ಬೋರ್ಡು ಬದಲಾದರೆ ಸಂತೋಷ, ಒಳಗೆ ನಡೆಯೋದೇನು?

'ಬರೀ ಹಾಡು' ಅನ್ನೋರು ಒಂದು ಸಂಗತಿ ಗಮನಿಸಬೇಕು. ಓದು ಶುರುವಾಗೋದು ಕಣ್ಣಿಂದ ಅಲ್ಲ, ಕಿವಿಯಿಂದ. ಕ-ಮ-ಲ ಅಂತ ಮೂರು ಚಪ್ಪಾಳೆ ತಟ್ಟಿಸಿದರೆ ಮಾತಿನೊಳಗೆ ತುಂಡುಗಳಿವೆ ಅನ್ನೋದು ಮಗುವಿಗೆ ಹೊಳೆಯುತ್ತೆ. ಮರ, ಸರ, ಬರ ಅಂತ ಪ್ರಾಸ ಹಿಡಿದು ಹಾಡಿದರೆ ಒಂದು ಸದ್ದು ಬದಲಾದರೆ ಅರ್ಥವೇ ಬದಲಾಗುತ್ತೆ ಅನ್ನೋದು ತಿಳಿಯುತ್ತೆ. ಈ ಕಿವಿ ತಯಾರಾಗದ ಮಗುವಿಗೆ ಹಲಗೆ ಮೇಲಿನ 'ಕ' ಬರೀ ಗೆರೆ. ಮಕ್ಕಳ ಪದ್ಯ ಕೊಟ್ಟ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಇಬ್ಬರೂ ಮೇಷ್ಟ್ರುಗಳೇ ಅನ್ನೋದು ಸುಮ್ಮನೆ ಅಲ್ಲ.

ಕೆರೆ-ದಡ ಆಟವನ್ನೇ ನೋಡಿ. ನೆಲದ ಮೇಲೆ ಗೆರೆ, ಆ ಕಡೆ ಕೆರೆ, ಈ ಕಡೆ ದಡ. ಕೂಗಿದ ಕಡೆ ಹಾರಬೇಕು, ತಪ್ಪಿದರೆ ಔಟು. ಖರ್ಚು ಒಂದು ಚೂರು ಸೀಮೆಸುಣ್ಣ. ಕಾಣೋದು ಆಟ, ನಡೆಯೋದು ಕಿವಿಗೊಟ್ಟು ಕೇಳೋ ಪಾಠ. ಕೂಗೋ ಸರದಿ ಮಗುವಿಗೇ ಕೊಟ್ಟರೆ, ಬಾಯಿ ಬಿಡದ ಕೂಸೂ ಗಂಟಲು ಹರಿಯೋ ಹಾಗೆ ಕೂಗುತ್ತೆ.

ಕಾಗಕ್ಕ-ಗುಬ್ಬಕ್ಕನ ಕಥೆ ಇನ್ನೂ ಗಟ್ಟಿ. ಮಳೆಗೆ ಮನೆ ಕಳಕೊಂಡ ಕಾಗೆ ಬಾಗಿಲು ತಟ್ಟುತ್ತೆ, ಗುಬ್ಬಿ ಒಂದೊಂದೇ ನೆಪ ಹೇಳುತ್ತೆ. ಅಜ್ಜಿ ಅಲ್ಲಿ ನಿಲ್ಲಿಸಿ 'ಆಮೇಲೆ ಗುಬ್ಬಕ್ಕ ಏನಂದ್ಲು ಹೇಳು ಮಗ' ಅಂದರೆ ಸಾಕು. ದೋಸೆ ಉಯ್ತಾವ್ಳೆ, ಪಾಪುಗೆ ನೀರು ಉಯ್ತಾವ್ಳೆ, ಫೋನಲ್ಲಿ ಮಾತಾಡ್ತಾವ್ಳೆ ಅಂತ ಮಗು ತನ್ನ ಮನೆಯ ನೆಪಗಳನ್ನೇ ಸಾಲಾಗಿ ತೆಗೆಯುತ್ತೆ. (ಮೂರನೆಯ ನೆಪ ಅಮ್ಮಂದಿರಿಗೆ ಸ್ವಲ್ಪ ಚುಚ್ಚಬಹುದು.) ಯಾರೂ ಹೇಳಿಕೊಡದ ವಾಕ್ಯಗಳು ಅವು.

ಮಗು 'ಆಲು' ಅಂದರೆ 'ಹಾಲು ಅನ್ನೋ' ಅಂತ ಗದರಿದರೆ ಬಾಯಿ ಮುಚ್ಚುತ್ತೆ. 'ಹಾಲು ಬೇಕಾ ಕಂದ, ಬಿಸಿ ಹಾಲಾ, ತಣ್ಣಗಿರೋದಾ?' ಅಂದರೆ ತಪ್ಪೂ ತಿದ್ದಿತು, ಎರಡು ಮಾತೂ ಹೆಚ್ಚಾಯಿತು. ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳಿಂದ ಬರೋ ಜೇನುಕುರುಬರ ಮಗು, ಮನೆಯಲ್ಲಿ ಉರ್ದು ಆಡೋ ಮಗು ಮೊದಲ ದಿನಗಳಲ್ಲಿ ಮೂಲೆ ಹಿಡಿದು ಕೂತರೆ ಅದು ದಡ್ಡತನವಲ್ಲ. ಅದರ ಮನೆಮಾತಿನ ನಾಲ್ಕು ಪದ ಟೀಚರಮ್ಮನ ಬಾಯಲ್ಲಿ ಬಂದರೆ ಮೂಲೆ ಬಿಟ್ಟು ಎದ್ದು ಬರುತ್ತೆ.

ಇನ್ನು ಪುಸ್ತಕ. ಚಿಣ್ಣರ ಪುಸ್ತಕದಲ್ಲಿ ಚಿತ್ರ ದೊಡ್ಡದು, ಅಕ್ಷರ ಕಡಿಮೆ. ಅದನ್ನು ಗಡಗಡ ಓದಿ ಮುಗಿಸೋದಲ್ಲ. ಒಂದು ಪುಟ ತೆರೆದು 'ಇವನು ಯಾಕೆ ಅಳ್ತಾವ್ನೆ? ಮುಂದೇನಾಗುತ್ತೆ?' ಅಂತ ಕೇಳಿ, ಉತ್ತರ ಬರೋ ತನಕ ಕಾಯಬೇಕು. ಮಗು ಪುಸ್ತಕ ತಲೆಕೆಳಗಾಗಿ ಹಿಡಿಯಲಿ, ಬಾಯಿಗೆ ಇಟ್ಟುಕೊಳ್ಳಲಿ, ಹರಿಯಲಿ. ಹರಿಯದ ಪುಸ್ತಕ ಅಂದರೆ ಯಾರೂ ಮುಟ್ಟದ ಪುಸ್ತಕ. ಆದರೆ ಸರ್ಕಾರಿ ಸಾಮಾನು ಹರಿದರೆ ಲೆಕ್ಕ ಕೊಡೋರು ಯಾರು? ಆ ಭಯಕ್ಕೆ ಪುಸ್ತಕ, ಗೊಂಬೆ ಎಷ್ಟೋ ಕಡೆ ಟ್ರಂಕು ಸೇರುತ್ತವೆ, ಮೇಲೊಂದು ಬೀಗ.

ಕಾರ್ಯಕರ್ತೆಯನ್ನು ದೂರೋದು ಸುಲಭ. ಆಕೆಯ ದಿನ ನೋಡಬೇಕು. ಬಸುರಿ-ಬಾಣಂತಿಯರ ಊಟದ ಲೆಕ್ಕ, ಮನೆ ಭೇಟಿ, ಮತದಾರರ ಪಟ್ಟಿ, ಸಮೀಕ್ಷೆ, ರಿಜಿಸ್ಟರುಗಳು. 2021ರಿಂದ ಪೋಷಣ್ ಟ್ರ್ಯಾಕರ್ ಅಂತ ಮೊಬೈಲಿನಲ್ಲೂ ತುಂಬಬೇಕು, ನೆಟ್‌ವರ್ಕ್ ಸಿಗದಿದ್ದರೆ ಮರದಡಿ, ದಿಬ್ಬದ ಮೇಲೆ ನಿಲ್ಲಬೇಕು. ಅಷ್ಟು ಹೊತ್ತು ಇಪ್ಪತ್ತು ಮಕ್ಕಳು ಆಯಾ ಕೈಲಿ, ಆಯಾ ಒಲೆ ಮುಂದೆ. ಇಷ್ಟಕ್ಕೆ ಸಿಗೋದಕ್ಕೆ ಸಂಬಳ ಅಂತಲೂ ಹೆಸರಿಲ್ಲ, ಗೌರವಧನ!

ಹಾಡಿಗೆ, ಕಥೆಗೆ ದಿನಕ್ಕೆ ಒಂದು ಗಂಟೆ ಆಕೆಯನ್ನು ಯಾರೂ ಕರೆಯಬಾರದು, ಫೋನೂ ಮಾಡಬಾರದು ಅಂತ ಇಲಾಖೆ ಒಂದು ಆದೇಶ ಹೊರಡಿಸಿದರೆ ಖಜಾನೆಗೆ ಕಾಸೂ ಖರ್ಚಿಲ್ಲ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಅಂತ ಒಂದಿದೆ, ಮಕ್ಕಳ ತಾಯಂದಿರೇ ಅದರಲ್ಲಿ ಇರೋರು. ಮುಂದಿನ ಸಭೆಗೆ ಊರಿನ ಇಬ್ಬರು ಅಜ್ಜಿಯರನ್ನು ಕಥೆ ಹೇಳೋಕೆ ಕರೆತರಲಿ. ಮತ್ತೆ, ಆ ಟ್ರಂಕಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಸಭೆಯಲ್ಲೇ ಕೇಳಲಿ.